‘ಲಾಗ್‌ನಲ್ಲಿ ನಿಮ್ಮ ಹೆಸರಿದೆ’: ಕುಲಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಕುಲಸಚಿವರು (ಮೌಲ್ಯಮಾಪನ),
ಬೆಂಗಳೂರು.

ಮಾನ್ಯರೇ,

ವಿಷಯ: ಏಕ ಲಾಗಿನ್ ತಂತ್ರಾಂಶದ ದೋಷದಿಂದ ಉಪನ್ಯಾಸಕಿಯೊಬ್ಬರ ಹೆಸರಿನಲ್ಲಿ ಆಂತರಿಕ ಅಂಕಗಳು ಬದಲಾಗಿರುವ ಬಗ್ಗೆ ಮತ್ತು ಅವರಿಗೆ ನೀಡಿರುವ ನೋಟಿಸನ್ನು ಹಿಂಪಡೆಯುವ ಕುರಿತು.

ತಮ್ಮ ವಿಶ್ವವಿದ್ಯಾಲಯಕ್ಕೆ ಸಂಯೋಜನೆಗೊಂಡ, ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ಪದವಿ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ಮತ್ತು ನೆಟ್‌ವರ್ಕ್ ನೋಡಿಕೊಳ್ಳುವ ಬೋಧಕೇತರ ನೌಕರ ನಾನು. ಇದೇ ವಿಷಯದ ಮನವಿಯನ್ನು ಪ್ರಾಂಶುಪಾಲರ ಮೂಲಕ, ಕ್ರಮಬದ್ಧವಾಗಿಯೇ, ತಮ್ಮ ಕಚೇರಿಗೆ ಸಲ್ಲಿಸಿದ್ದೆ. ಸ್ವೀಕೃತಿಯ ಮೊಹರು ಬಿತ್ತು. ಆಮೇಲೆ ವಿಚಾರಿಸಿದಾಗಲೆಲ್ಲ ‘ಕಡತ ಮಂಡಿಸಲಾಗಿದೆ’ ಎಂಬ ಉತ್ತರವಷ್ಟೇ ಸಿಕ್ಕಿತು. ಆದ್ದರಿಂದ ಈಗ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ವಿಶ್ವವಿದ್ಯಾಲಯದ ಹೆಸರನ್ನಾಗಲಿ, ತಂತ್ರಾಂಶ ಪೂರೈಸಿದ ಕಂಪನಿಯ ಹೆಸರನ್ನಾಗಲಿ ಇಲ್ಲಿ ಬರೆದಿಲ್ಲ. ಯಾರನ್ನೂ ಬೀದಿಗೆ ತರುವುದು ನನ್ನ ಉದ್ದೇಶವಲ್ಲ. ಇದು ಯಾರಿಗೆ ಬರೆದ ಪತ್ರ ಎಂಬುದು ತಮಗೆ ಮೊದಲ ಪುಟದಲ್ಲೇ ತಿಳಿಯುತ್ತದೆ. ನೋಟಿಸ್ ಪಡೆದ ನನ್ನ ಸಹೋದ್ಯೋಗಿಯ ಒಪ್ಪಿಗೆ ಪಡೆದೇ ಅವರ ವಿಚಾರ ಹೇಳುತ್ತಿದ್ದೇನೆ.

ನಡೆದದ್ದು ಇಷ್ಟು. ಕಳೆದ ಬೆಸ ಸೆಮಿಸ್ಟರ್‌ನಲ್ಲಿ ನಮ್ಮ ವಾಣಿಜ್ಯ ವಿಭಾಗದ ಉಪನ್ಯಾಸಕಿ ತಮ್ಮ ವಿಷಯದ ಆಂತರಿಕ ಮೌಲ್ಯಮಾಪನದ ಅಂಕಗಳನ್ನು ಪೋರ್ಟಲ್‌ನಲ್ಲಿ ನಮೂದಿಸಿದರು. ಅದರ ಮುದ್ರಿತ ಪ್ರತಿ ತೆಗೆದು, ವಿದ್ಯಾರ್ಥಿಗಳಿಂದ ಸಹಿ ಹಾಕಿಸಿ, ವಿಭಾಗದ ಮುಖ್ಯಸ್ಥರಿಗೆ ಒಪ್ಪಿಸಿದರು. ಅಂಕಗಳನ್ನು ಅಂತಿಮಗೊಳಿಸುವ ದಿನದ ಮುನ್ನ ಪೋರ್ಟಲ್ ತೆರೆದು ತಮ್ಮ ಪ್ರತಿಯೊಂದಿಗೆ ತಾಳೆ ನೋಡಿದಾಗ ಐವರು ವಿದ್ಯಾರ್ಥಿಗಳ ಅಂಕ ಬದಲಾಗಿರುವುದು ಕಣ್ಣಿಗೆ ಬಿತ್ತು. ಒಬ್ಬನಿಗೆ 20ಕ್ಕೆ 7 ಬಂದಿದ್ದದ್ದು 17 ಆಗಿತ್ತು. ಇನ್ನೊಬ್ಬಳಿಗೆ 6 ಇದ್ದದ್ದು 16 ಆಗಿತ್ತು. ಮುಂದೊಂದು ಅಂಕಿ ಸೇರಿಸಿದ್ದಷ್ಟೇ ಕೆಲಸ. ಅವರು ಅದೇ ದಿನ ಪ್ರಾಂಶುಪಾಲರಿಗೆ ಲಿಖಿತವಾಗಿ ತಿಳಿಸಿದರು. ಮಾನ್ಯರು ಇದನ್ನು ಗಮನಿಸಬೇಕು: ಬದಲಾವಣೆಯನ್ನು ಪತ್ತೆ ಹಚ್ಚಿದವರು ಅವರೇ, ಬರೆದು ಕೊಟ್ಟವರೂ ಅವರೇ.

ಅದಕ್ಕೆ ಬಂದ ಉತ್ತರ ಹೀಗಿತ್ತು: ‘ಗಣಕೀಕೃತ ದಾಖಲೆಗಳನ್ವಯ ಸದರಿ ತಿದ್ದುಪಡಿಯು ತಮ್ಮ ಲಾಗಿನ್ ಮೂಲಕವೇ ಆಗಿರುವುದು ದೃಢಪಟ್ಟಿರುತ್ತದೆ. ತಮ್ಮ ಮೇಲೆ ಏಕೆ ಶಿಸ್ತು ಕ್ರಮ ಜರುಗಿಸಬಾರದು ಎಂಬುದಕ್ಕೆ ಏಳು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು.’ ನೋಟಿಸ್ ಕೈಸೇರಿದ ವಾರದಲ್ಲೇ ಅವರನ್ನು ಮೌಲ್ಯಮಾಪನ ಕಾರ್ಯದಿಂದಲೂ ದೂರ ಇಡಲಾಯಿತು.

ವಿಚಾರಣಾ ಸಮಿತಿಯ ಮುಂದೆ ತಾಂತ್ರಿಕ ಸಹಾಯಕ್ಕೆಂದು ನನ್ನನ್ನೂ ಕರೆದಿದ್ದರು. ಹಾಗಾಗಿ ಮುಂದಿನದ್ದು ನಾನು ಕಣ್ಣಾರೆ ಕಂಡದ್ದು. ತಂತ್ರಾಂಶ ಪೂರೈಸಿದ ಕಂಪನಿಯ ಪ್ರತಿನಿಧಿ ವಿಡಿಯೊ ಕರೆಯಲ್ಲಿ ಬಂದು, ವ್ಯವಸ್ಥೆಯಲ್ಲಿ ಏನೂ ತೊಂದರೆಯಿಲ್ಲ, ಬಳಕೆದಾರರೇ ಪಾಸ್‌ವರ್ಡ್ ಯಾರಿಗಾದರೂ ಹೇಳಿರಬೇಕು ಎಂದು ನಿಮಿಷದಲ್ಲಿ ತೀರ್ಪು ಕೊಟ್ಟರು. ಸಮಿತಿಯ ಹಿರಿಯ ಸದಸ್ಯರೊಬ್ಬರು ಮೇಜಿನ ಮೇಲಿದ್ದ ಲಾಗ್‌ನ (ಯಾರು ಯಾವಾಗ ಪ್ರವೇಶಿಸಿದರು ಎಂದು ಕಂಪ್ಯೂಟರ್ ಬರೆದಿಡುವ ದಾಖಲೆಯ) ಮುದ್ರಿತ ಹಾಳೆಯನ್ನು ಉಪನ್ಯಾಸಕಿಯ ಕಡೆಗೆ ತಿರುಗಿಸಿ, ಹಳದಿ ಗೆರೆ ಎಳೆದಿದ್ದ ಸಾಲಿನ ಮೇಲೆ ಬೆರಳಿಟ್ಟು, ‘ಲಾಗ್‌ನಲ್ಲಿ ನಿಮ್ಮ ಹೆಸರಿದೆಯಲ್ಲ ಮೇಡಂ, ಇನ್ನೇನು ಹೇಳುತ್ತೀರಿ?’ ಎಂದು ಕೇಳಿದರು. ರಾತ್ರಿ 11.52ರ ಸಾಲು ಅದು. ಆ ಹೊತ್ತಿಗೆ ತಾವು ಮೆಜೆಸ್ಟಿಕ್‌ನಿಂದ ಊರಿಗೆ ಹೊರಟ ಬಸ್ಸಿನಲ್ಲಿ ಇದ್ದುದಾಗಿ ಹೇಳಿ ಅವರು ಟಿಕೆಟ್ ತೋರಿಸಿದರು. ‘ಬಸ್ಸಿನಲ್ಲಿ ಮೊಬೈಲ್ ಇರಲಿಲ್ಲವೇ?’ ಎಂಬ ಮರುಪ್ರಶ್ನೆ ಬಂತು. ಎಲ್ಲಿಂದ ಬೇಕಾದರೂ ಬಳಸಬಹುದು ಎಂಬುದು ಈ ವ್ಯವಸ್ಥೆಯ ಹೆಗ್ಗಳಿಕೆ ಎಂದು ತಮ್ಮ ಸುತ್ತೋಲೆಯಲ್ಲೇ ಇದೆ. ಅದೇ ಹೆಗ್ಗಳಿಕೆ ಇಲ್ಲಿ ಅವರ ಬಾಯಿ ಮುಚ್ಚಿಸಿತು.

ನಾನು ಕೇಳಿಕೊಂಡದ್ದು ಒಂದೇ. ಮೇಜಿನ ಮೇಲಿದ್ದದ್ದು ಅಂಕ ನಮೂದಿಸುವ ಪೋರ್ಟಲ್‌ನ ಲಾಗ್. ಆದರೆ ಪಾಸ್‌ವರ್ಡ್ ಮತ್ತು ಒಟಿಪಿ ಪರಿಶೀಲಿಸುವುದು ಆ ಪೋರ್ಟಲ್ ಅಲ್ಲ, ವಿಶ್ವವಿದ್ಯಾಲಯದ ಕೇಂದ್ರ ಲಾಗಿನ್ ಸರ್ವರ್. ಅದರ ಲಾಗ್ ಎಲ್ಲಿದೆ? ಅದನ್ನೂ ತರಿಸಿ ಪಕ್ಕದಲ್ಲಿಟ್ಟು ನೋಡಿ ಎಂದೆ. ಸ್ವಲ್ಪ ಗೊಣಗಾಟದ ನಂತರ ಕಂಪನಿಯವರು ಪರದೆಯ ಮೇಲೆ ತೋರಿಸಿದರು.

ಏಕ ಲಾಗಿನ್ ಎಂದರೆ ಏನು ಎಂಬುದನ್ನು ಇಲ್ಲಿ ನಾಲ್ಕು ಮಾತಿನಲ್ಲಿ ಹೇಳಬೇಕು. ಬಳಕೆದಾರರು ಕೇಂದ್ರ ಸರ್ವರ್‌ನಲ್ಲಿ ಒಮ್ಮೆ ತಮ್ಮ ಗುರುತನ್ನು ಸಾಬೀತುಪಡಿಸುತ್ತಾರೆ. ಆ ಸರ್ವರ್ ‘ಇವರು ಇಂಥವರು’ ಎಂದು ಬರೆದು, ಡಿಜಿಟಲ್ ಸಹಿ ಹಾಕಿದ ಒಂದು ಚೀಟಿ ಕೊಡುತ್ತದೆ. ತಾಂತ್ರಿಕ ವಲಯದಲ್ಲಿ ಇದನ್ನು ಅಸರ್ಶನ್ ಎನ್ನುತ್ತಾರೆ. 2005ರಲ್ಲಿ ರೂಪುಗೊಂಡ ಸ್ಯಾಮಲ್ 2.0 ಎಂಬ ಮಾನದಂಡದ ಪ್ರಕಾರ ಅದು ಎಕ್ಸ್‌ಎಂಎಲ್ ಎಂಬ ಪಠ್ಯ ರೂಪದಲ್ಲಿ ಇರುತ್ತದೆ. ಅಂಕದ ಪೋರ್ಟಲ್, ಗ್ರಂಥಾಲಯ, ವೇತನ ಚೀಟಿ, ರಜೆ ಅರ್ಜಿ ಎಲ್ಲವೂ ಈ ಚೀಟಿಯನ್ನು ನಂಬಿ ಬಾಗಿಲು ತೆರೆಯುತ್ತವೆ. ಪ್ರತಿ ಚೀಟಿಗೂ ಮತ್ತೆಲ್ಲೂ ಪುನರಾವರ್ತನೆಯಾಗದ ಉದ್ದನೆಯ ಗುರುತು ಸಂಖ್ಯೆ ಇರುತ್ತದೆ. ಚೀಟಿ ಕೊಟ್ಟ ಕೂಡಲೇ ಕೇಂದ್ರ ಸರ್ವರ್ ಅದನ್ನು ತನ್ನ ಲಾಗ್‌ನಲ್ಲಿ ಬರೆದುಕೊಳ್ಳುತ್ತದೆ. ಪಡೆದ ಪೋರ್ಟಲ್ ತನ್ನ ಲಾಗ್‌ನಲ್ಲಿ ಬರೆದುಕೊಳ್ಳುತ್ತದೆ.

ಈಗ ಆ ರಾತ್ರಿಯ ಎರಡು ಲಾಗ್‌ಗಳಿಗೆ ಬರೋಣ. ಪೋರ್ಟಲ್‌ನ ಲಾಗ್‌ನಲ್ಲಿ 11.52ಕ್ಕೆ ಉಪನ್ಯಾಸಕಿಯ ಹೆಸರು, ಚೀಟಿಯ ಸಂಖ್ಯೆ, ‘ಯಶಸ್ವಿ’ ಎಂಬ ಷರಾ ಇವೆ. ಕೇಂದ್ರ ಸರ್ವರ್‌ನಲ್ಲಿ ಅವರ ಹೆಸರಿನ ಕೊನೆಯ ದಾಖಲೆ ಇರುವುದು ಅಂದು ಮಧ್ಯಾಹ್ನದ್ದು. ಆಮೇಲೆ ಏನೂ ಇಲ್ಲ. ಪಾಸ್‌ವರ್ಡ್ ಪರಿಶೀಲನೆ ಇಲ್ಲ, ಒಟಿಪಿ ಕಳುಹಿಸಿದ ದಾಖಲೆ ಇಲ್ಲ, ಚೀಟಿ ಕೊಟ್ಟ ದಾಖಲೆಯೂ ಇಲ್ಲ. ಪೋರ್ಟಲ್‌ನಲ್ಲಿ ಬರೆದಿರುವ ಆ ಉದ್ದನೆಯ ಸಂಖ್ಯೆಯನ್ನು ಕೇಂದ್ರ ಸರ್ವರ್‌ನ ಲಾಗ್‌ನಲ್ಲಿ ಹುಡುಕಿಸಿದೆ. ಒಂದು ಫಲಿತಾಂಶವೂ ಬರಲಿಲ್ಲ. ಅಂದರೆ ಆ ಸಂಖ್ಯೆಯ ಚೀಟಿಯನ್ನು ತಮ್ಮ ಸರ್ವರ್ ಯಾರಿಗೂ ಕೊಟ್ಟೇ ಇಲ್ಲ. ಎರಡು ಸರ್ವರ್‌ಗಳ ಗಡಿಯಾರ ಹೆಚ್ಚುಕಡಿಮೆ ಇರಬಹುದಲ್ಲ ಎಂದು ಸದಸ್ಯರೊಬ್ಬರು ಕೇಳಿದರು, ಒಳ್ಳೆಯ ಪ್ರಶ್ನೆಯೇ. ಅದೇ ದಿನ ಪ್ರವೇಶ ಪಡೆದ ಬೇರೆ ಉಪನ್ಯಾಸಕರ ಸಾಲುಗಳನ್ನು ಎರಡೂ ಕಡೆ ತೆಗೆದು ನೋಡಿದೆವು. ಎಲ್ಲವೂ ಒಂದೆರಡು ಸೆಕೆಂಡುಗಳ ಅಂತರದಲ್ಲಿ ಹೊಂದಿಕೆಯಾಗುತ್ತಿದ್ದವು. ಹೊಂದಿಕೆಯಾಗದೆ ಉಳಿದದ್ದು ಅದೊಂದೇ ಸಾಲು.

ಇದನ್ನು ಸಮಿತಿಯ ನಡಾವಳಿಯಲ್ಲಿ ದಾಖಲಿಸಿ ಎಂದು ಕೋರಿದೆ. ನಡಾವಳಿಯ ಪ್ರತಿ ಸಿಕ್ಕಾಗ ನೋಡಿದರೆ ‘ತಾಂತ್ರಿಕ ವಿಷಯಗಳನ್ನು ಚರ್ಚಿಸಲಾಯಿತು’ ಎಂಬ ಒಂದೇ ವಾಕ್ಯವಿತ್ತು.

ಕೊಡದ ಚೀಟಿಯನ್ನು ಪೋರ್ಟಲ್ ಹೇಗೆ ಒಪ್ಪಿತು ಎಂಬ ಪ್ರಶ್ನೆ ಸಹಜ. ಸಹಿ ಹಾಕುವ ರಹಸ್ಯ ಕೀಲಿ ಕೈಗೆ ಸಿಗದೆ ಡಿಜಿಟಲ್ ಸಹಿಯನ್ನು ನಕಲು ಮಾಡಲು ಆಗುವುದಿಲ್ಲ ಎಂಬ ಮಾತೂ ನಿಜ. ಆದರೆ ಇಲ್ಲಿ ಯಾರೂ ಸಹಿಯನ್ನು ನಕಲು ಮಾಡಬೇಕಾಗಿಲ್ಲ. ನಾವೆಲ್ಲ ಗೆಜೆಟೆಡ್ ಅಧಿಕಾರಿಯ ದೃಢೀಕರಣಕ್ಕಾಗಿ ಅಲೆದವರು. ಎರಡು ಹಾಳೆಗಳನ್ನು ಪಿನ್ ಮಾಡಿದ ಅರ್ಜಿಯೊಂದನ್ನು ಊಹಿಸಿಕೊಳ್ಳಿ. ಒಳಗಿನ ಹಾಳೆಯಲ್ಲಿ ಅಸಲಿ ಮೊಹರು, ಅಸಲಿ ಸಹಿ ಇದೆ, ಆದರೆ ಅದು ಅರ್ಜಿ ತಂದವನದೇ ಪ್ರಮಾಣಪತ್ರ. ಮೇಲಿನ ಹಾಳೆಯಲ್ಲಿ ಅವನು ತನಗೆ ಬೇಕಾದ ಬೇರೊಬ್ಬರ ಹೆಸರು ಬರೆದಿದ್ದಾನೆ. ಒಬ್ಬ ಗುಮಾಸ್ತರು ಒಳಗಿನ ಹಾಳೆಯನ್ನು ತಿರುವಿ ನೋಡಿ ಮೊಹರು ಸರಿಯಿದೆ ಎನ್ನುತ್ತಾರೆ. ಇನ್ನೊಬ್ಬರು ಮೇಲಿನ ಹಾಳೆಯ ಹೆಸರನ್ನು ಓದಿ ರಿಜಿಸ್ಟರ್‌ನಲ್ಲಿ ಬರೆದುಕೊಳ್ಳುತ್ತಾರೆ. ಇಬ್ಬರೂ ತಮ್ಮ ತಮ್ಮ ಕೆಲಸ ಮಾಡಿದ್ದಾರೆ, ಆದರೆ ಇಬ್ಬರೂ ನೋಡಿದ್ದು ಒಂದೇ ಹಾಳೆಯನ್ನಲ್ಲ. ಸ್ಯಾಮಲ್ ಚೀಟಿಯನ್ನು ಓದುವ ಎಷ್ಟೋ ತಂತ್ರಾಂಶಗಳಲ್ಲಿ ಸಹಿ ಪರಿಶೀಲಿಸುವ ಭಾಗ ಬೇರೆ, ಹೆಸರು ಓದುವ ಭಾಗ ಬೇರೆ. ಈ ಎರಡರ ನಡುವಿನ ಬಿರುಕಿನಲ್ಲೇ ಕಳ್ಳ ನುಸುಳುತ್ತಾನೆ. ಮೊದಲಿಗೆ ಅವನಿಗೆ ಬೇಕಾದದ್ದು ತನ್ನ ಹೆಸರಿನ ಒಂದು ಅಸಲಿ ಚೀಟಿ ಮಾತ್ರ. ತಮ್ಮ ವ್ಯವಸ್ಥೆಯಲ್ಲಿ ಅದು ಪ್ರವೇಶಪತ್ರ ಪಡೆಯಲು ಲಾಗಿನ್ ಆಗುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಸಿಗುತ್ತದೆ.

ಒಟಿಪಿ ಇದೆಯಲ್ಲ ಎಂಬ ವಾದ ಸಮಿತಿಯಲ್ಲಿ ಮತ್ತೆ ಮತ್ತೆ ಬಂತು. ಒಟಿಪಿ ಕೇಳುವುದು ಕೇಂದ್ರ ಸರ್ವರ್. ಖೊಟ್ಟಿ ಚೀಟಿ ಅಲ್ಲಿಗೆ ಹೋಗುವುದೇ ಇಲ್ಲ. ನೇರವಾಗಿ ಪೋರ್ಟಲ್‌ಗೆ ಬರುತ್ತದೆ. ಉಪನ್ಯಾಸಕಿಯ ಪಾಸ್‌ವರ್ಡ್ ಎಷ್ಟು ಉದ್ದವಿದ್ದರೂ, ಅದನ್ನು ಅವರು ಎಷ್ಟು ಜೋಪಾನ ಮಾಡಿದ್ದರೂ, ಮೊಬೈಲ್ ಅವರ ಕೈಯಲ್ಲೇ ಇದ್ದರೂ ಯಾವ ವ್ಯತ್ಯಾಸವೂ ಆಗುತ್ತಿರಲಿಲ್ಲ. ಇಂಥ ದೋಷದ ಮುಂದೆ ಬಳಕೆದಾರರ ಎಚ್ಚರಿಕೆಗೆ ಬೆಲೆಯೇ ಇಲ್ಲ. ಪಾಸ್‌ವರ್ಡ್ ಹಂಚಿಕೊಂಡಿರಬೇಕು ಎಂದು ಹೇಳಿದ ಕಂಪನಿಯ ಪ್ರತಿನಿಧಿಗೆ ಇದು ಗೊತ್ತಿರಲಿಲ್ಲ ಎಂದು ನಂಬುವುದು ನನಗೆ ಕಷ್ಟ. ಪೋರ್ಟಲ್ ಬಳಸುತ್ತಿದ್ದ ಸ್ಯಾಮಲ್ ಲೈಬ್ರರಿಯ (ಇಂಥ ಚೀಟಿಗಳನ್ನು ಓದಲು ಬಳಸುವ ಸಿದ್ಧ ತಂತ್ರಾಂಶದ) ಆವೃತ್ತಿ ಯಾವುದೆಂದು ಅದರ ನಿರ್ವಹಣಾ ಪುಟದ ಅಡಿಯಲ್ಲೇ ಸಣ್ಣ ಅಕ್ಷರಗಳಲ್ಲಿ ಇತ್ತು. ಸಹಿ ಪರಿಶೀಲನೆಯ ಗಂಭೀರ ದೋಷವನ್ನು ಸರಿಪಡಿಸಿದ ಆವೃತ್ತಿ ತಿಂಗಳುಗಳ ಹಿಂದೆಯೇ ಬಿಡುಗಡೆಯಾಗಿತ್ತು. ಪೋರ್ಟಲ್ ಅದಕ್ಕಿಂತ ಹಳೆಯದರಲ್ಲೇ ನಿಂತಿತ್ತು.

ಇದು ನನ್ನ ಊಹಾಪೋಹ ಎಂದು ತಮ್ಮ ಸುತ್ತಲಿನವರು ಹೇಳಬಹುದು. ಹೊರಗಿನ ಕೆಲವು ಸಂಗತಿಗಳನ್ನು ತಮ್ಮ ಗಮನಕ್ಕೆ ತರುತ್ತೇನೆ. 2012ರಲ್ಲಿ ಜರ್ಮನಿಯ ಬೋಖುಮ್‌ನ ರೂರ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಮುಖವಾದ 14 ಸ್ಯಾಮಲ್ ವ್ಯವಸ್ಥೆಗಳನ್ನು ಪರೀಕ್ಷಿಸಿದಾಗ 11ರಲ್ಲಿ, ಮೇಲೆ ಹೇಳಿದ ಬಗೆಯಲ್ಲಿ, ಬೇರೊಬ್ಬರ ಹೆಸರಿನಲ್ಲಿ ಒಳಹೊಗಲು ಸಾಧ್ಯವಾಯಿತು. 2018ರ ಫೆಬ್ರವರಿಯಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಡ್ಯುಯೊದ ಸಂಶೋಧಕರು ಇನ್ನೂ ಸರಳವಾದ ದಾರಿ ತೋರಿಸಿದರು. ಇಮೇಲ್ ವಿಳಾಸದ ನಡುವೆ ಎಕ್ಸ್‌ಎಂಎಲ್‌ನ ಖಾಲಿ ಟಿಪ್ಪಣಿಯೊಂದನ್ನು ತೂರಿಸಿದರೆ ಸಾಕು. ಸಹಿ ಪರಿಶೀಲಿಸುವ ಭಾಗ ಆ ಟಿಪ್ಪಣಿ ಇಲ್ಲವೆಂದೇ ಭಾವಿಸಿ ಮುಂದೆ ಹೋಗುತ್ತದೆ, ಸಹಿ ಸರಿಹೊಂದುತ್ತದೆ. ಹೆಸರು ಓದುವ ಭಾಗ ಟಿಪ್ಪಣಿ ಸಿಕ್ಕ ಕೂಡಲೇ ಓದುವುದನ್ನು ನಿಲ್ಲಿಸುತ್ತದೆ. ಪ್ರಾಂಶುಪಾಲರ ಪೂರ್ತಿ ವಿಳಾಸದ ಕೊನೆಗೆ ತನ್ನದೊಂದು ಬಾಲ ಅಂಟಿಸಿಕೊಂಡು ಖಾತೆ ತೆರೆದವನು, ಬಾಲದ ಮುಂಚೆ ಟಿಪ್ಪಣಿ ಇಟ್ಟು ಬಾಲ ಕತ್ತರಿಸಿಹಾಕಿ ಪ್ರಾಂಶುಪಾಲರೇ ಆಗಿಬಿಡುತ್ತಾನೆ. ಒಂದಲ್ಲ, ಹಲವು ಭಾಷೆಗಳ ಲೈಬ್ರರಿಗಳಲ್ಲಿ ಒಟ್ಟಿಗೆ ಈ ದೋಷ ಸಿಕ್ಕಿತು.

2020ರ ಮೇ ತಿಂಗಳಲ್ಲಿ ಭಾರತದ ಸಂಶೋಧಕ ಭಾವುಕ್ ಜೈನ್ ಅವರು ಆಪಲ್ ಕಂಪನಿಯ ಲಾಗಿನ್ ಸೇವೆಯಲ್ಲಿ ಯಾವುದೇ ಇಮೇಲ್ ವಿಳಾಸಕ್ಕೂ ಆಪಲ್‌ನಿಂದಲೇ ಸಹಿಯುಳ್ಳ ಟೋಕನ್ (ಇದೂ ಗುರುತಿನ ಚೀಟಿಯೇ) ಪಡೆಯಬಹುದಾಗಿದ್ದ ದೋಷವನ್ನು ಬಹಿರಂಗಪಡಿಸಿದರು; ಕಂಪನಿ ಅವರಿಗೆ ಒಂದು ಲಕ್ಷ ಡಾಲರ್ ಬಹುಮಾನ ಕೊಟ್ಟಿತು. 2024ರ ಸೆಪ್ಟೆಂಬರ್‌ನಲ್ಲಿ ರೂಬಿ ಭಾಷೆಯ ಸ್ಯಾಮಲ್ ಲೈಬ್ರರಿಯ ದೋಷಕ್ಕೆ (ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2024-45409) ತಂತ್ರಾಂಶ ಬರೆಯುವವರ ವೇದಿಕೆಯಾದ ಗಿಟ್‌ಲ್ಯಾಬ್ ಅವಸರವಾಗಿ ಪರಿಷ್ಕೃತ ಆವೃತ್ತಿ ಹೊರಡಿಸಬೇಕಾಯಿತು. ಆರು ತಿಂಗಳಾದ ಮೇಲೆ, 2025ರ ಮಾರ್ಚ್‌ನಲ್ಲಿ, ಅದೇ ಲೈಬ್ರರಿಯಲ್ಲಿ ಮತ್ತೊಂದು ದೋಷ ಹೊರಬಿತ್ತು. ಅದರೊಳಗೆ ಎಕ್ಸ್‌ಎಂಎಲ್ ಓದುವ ಎರಡು ಬೇರೆ ಬೇರೆ ತಂತ್ರಾಂಶಗಳಿದ್ದವು, ಒಂದೇ ಚೀಟಿಯನ್ನು ಅವು ಎರಡು ರೀತಿ ಓದುತ್ತಿದ್ದವು. ಒಮ್ಮೆ ಸರಿಪಡಿಸಿದರೆ ಮುಗಿಯಿತು ಎನ್ನುವಂಥ ರೋಗವಲ್ಲ ಇದು.

ಇವೆಲ್ಲಕ್ಕಿಂತ ನಮ್ಮ ಪ್ರಕರಣಕ್ಕೆ ಹತ್ತಿರವಾದದ್ದು 2023ರದ್ದು. ಚೀನಾ ಮೂಲದ್ದೆಂದು ಹೇಳಲಾದ ಗುಂಪೊಂದು ಮೈಕ್ರೋಸಾಫ್ಟ್ 2016ರಲ್ಲಿ ಸೃಷ್ಟಿಸಿದ್ದ ಸಹಿಯ ಕೀಲಿಯೊಂದನ್ನು ಕೈವಶ ಮಾಡಿಕೊಂಡು, ತನಗೆ ಬೇಕಾದವರ ಹೆಸರಿನಲ್ಲಿ ಟೋಕನ್ ತಯಾರಿಸಿ, ಅಮೆರಿಕದ ವಿದೇಶಾಂಗ ಇಲಾಖೆಯೂ ಸೇರಿದಂತೆ ಸುಮಾರು 25 ಸಂಸ್ಥೆಗಳ ಇಮೇಲ್ ಓದಿತು. ಪತ್ತೆಯಾದದ್ದು ಹೇಗೆ? ವಿದೇಶಾಂಗ ಇಲಾಖೆ ಹೆಚ್ಚಿನ ಹಣ ತೆತ್ತು ವಿವರವಾದ ಲಾಗ್‌ಗಳನ್ನು ಪಡೆಯುತ್ತಿತ್ತು, ಅದರ ಸಿಬ್ಬಂದಿ ಆ ಲಾಗ್‌ಗಳನ್ನು ಕೂತು ನೋಡುತ್ತಿದ್ದರು. ಅಷ್ಟು ಹಣ ಕೊಡದ ಗ್ರಾಹಕರಿಗೆ ಆ ಸುಳಿವೇ ಸಿಗುವಂತಿರಲಿಲ್ಲ. ಟೀಕೆ ಬಂದ ನಂತರ ಮೈಕ್ರೋಸಾಫ್ಟ್ ಹೆಚ್ಚಿನ ಲಾಗ್‌ಗಳನ್ನು ಪ್ರತ್ಯೇಕ ಶುಲ್ಕವಿಲ್ಲದೆ ಕೊಡಲು ಒಪ್ಪಿತು. ಅಲ್ಲಿ ಯಾರೂ ಇಮೇಲ್ ಖಾತೆಯ ಒಡೆಯರಿಗೆ ನೋಟಿಸ್ ಕೊಡಲಿಲ್ಲ ಎಂಬುದನ್ನು ವಿನಯಪೂರ್ವಕವಾಗಿ ನೆನಪಿಸುತ್ತೇನೆ.

ಏಕ ಲಾಗಿನ್ ಬೇಡ ಎಂದು ನಾನು ಹೇಳುತ್ತಿಲ್ಲ. ಅದು ಬರುವ ಮುನ್ನ ಸಿಬ್ಬಂದಿ ಕೊಠಡಿಯ ಕಂಪ್ಯೂಟರ್‌ಗಳಿಗೆ ಅಂಟಿಸಿದ ಹಳದಿ ಚೀಟಿಗಳ ಮೇಲೆ ಇಡೀ ವಿಭಾಗದ ಪಾಸ್‌ವರ್ಡ್‌ಗಳು ರಾರಾಜಿಸುತ್ತಿದ್ದವು. ಅದನ್ನು ಕಂಡು ತಲೆ ಚಚ್ಚಿಕೊಂಡವನು ನಾನು. ಒಳ್ಳೆಯದಕ್ಕೇ ಬಂದ ವ್ಯವಸ್ಥೆ ಇದು. ಆದರೆ ಹತ್ತು ಕಡೆ ಹಂಚಿಹೋಗಿದ್ದ ನಂಬಿಕೆಯನ್ನು ಒಂದೇ ಕಡೆ ತಂದು ಇಟ್ಟಾಗ, ಅಲ್ಲಿನ ಒಂದು ದೋಷದಿಂದ ಅಂಕವೂ ವೇತನವೂ ರಜೆಯೂ ಒಟ್ಟಿಗೆ ಕೈತಪ್ಪುತ್ತವೆ. ಆ ಹೊಣೆ ವ್ಯವಸ್ಥೆ ತಂದವರದು. ಕಾಲೇಜುಗಳನ್ನು ಯಾರೂ ಕೇಳಿರಲಿಲ್ಲ, ಸುತ್ತೋಲೆ ಬಂತು, ಜಾರಿಯಾಯಿತು.

ಬ್ರಿಟನ್ನಿನ ಅಂಚೆ ಕಚೇರಿ ಸಂಸ್ಥೆಯ ಕಥೆ ತಾವು ಓದಿರಬಹುದು. ಹೊರೈಜನ್ ಎಂಬ ಲೆಕ್ಕದ ತಂತ್ರಾಂಶ ತೋರಿಸಿದ ಕೊರತೆಯನ್ನೇ ಸಾಕ್ಷಿಯಾಗಿಟ್ಟುಕೊಂಡು 1999ರಿಂದ 2015ರವರೆಗೆ ಉಪ ಅಂಚೆ ಕಚೇರಿಗಳನ್ನು ನಡೆಸುತ್ತಿದ್ದ 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಕೆಲವರು ಜೈಲಿಗೆ ಹೋದರು, ಕೆಲವರು ಮನೆ ಮಾರಿದರು. ಅವರಿಗೆ ಗೊತ್ತಿಲ್ಲದೆ ದೂರದಿಂದಲೇ ಅವರ ಲೆಕ್ಕದಲ್ಲಿ ತಿದ್ದುಪಡಿ ಮಾಡುವ ಸಾಮರ್ಥ್ಯ ತಂತ್ರಾಂಶ ಪೂರೈಸಿದ ಕಂಪನಿಯ ಸಿಬ್ಬಂದಿಗೆ ಇತ್ತು ಎಂಬುದು ಬಹಳ ವರ್ಷಗಳ ನಂತರ ಒಪ್ಪಿತವಾಯಿತು. ತಂತ್ರಾಂಶದಲ್ಲಿ ದೋಷಗಳಿದ್ದವು ಎಂದು 2019ರಲ್ಲಿ ನ್ಯಾಯಾಲಯ ಹೇಳಿತು. ಕೊನೆಗೆ ಶಿಕ್ಷೆಗಳನ್ನು ಒಟ್ಟಾಗಿ ರದ್ದುಮಾಡಲು 2024ರಲ್ಲಿ ಸಂಸತ್ತು ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಅಲ್ಲಿಯೂ ಮೊದಲ ದಿನದಿಂದ ಹೇಳಿದ್ದು ಇದೇ ಮಾತು: ಕಂಪ್ಯೂಟರ್‌ನಲ್ಲಿ ನಿಮ್ಮ ಹೆಸರಿನಲ್ಲೇ ಇದೆಯಲ್ಲ. ನಮ್ಮದು ಐದು ವಿದ್ಯಾರ್ಥಿಗಳ ಆಂತರಿಕ ಅಂಕದ ಸಣ್ಣ ಪ್ರಕರಣ ಎಂದು ತಮಗೆ ಅನ್ನಿಸಬಹುದು. ವರ್ಷಾನುಗಟ್ಟಲೆ ಕಳಂಕವಿಲ್ಲದೆ ಪಾಠ ಮಾಡಿದವರ ಸೇವಾ ಪುಸ್ತಕದಲ್ಲಿ ಅದು ಸಣ್ಣದಾಗಿ ಉಳಿಯುವುದಿಲ್ಲ.

ಕಾನೂನು ಏನು ಹೇಳುತ್ತದೆ ಎಂಬುದನ್ನೂ ನೋಡೋಣ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ, ಬೇರೊಬ್ಬರ ಎಲೆಕ್ಟ್ರಾನಿಕ್ ಸಹಿ, ಪಾಸ್‌ವರ್ಡ್ ಅಥವಾ ಇತರ ವಿಶಿಷ್ಟ ಗುರುತನ್ನು ವಂಚನೆಯಿಂದ ಬಳಸುವುದನ್ನು ಮೂರು ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಮಾಡುವ ಅಪರಾಧವೆಂದು ಪರಿಗಣಿಸುತ್ತದೆ. ಆ ಕಾಯ್ದೆಯ ಕಣ್ಣಿನಲ್ಲಿ ನನ್ನ ಸಹೋದ್ಯೋಗಿ ಸಂತ್ರಸ್ತೆ. ತಮ್ಮ ನೋಟಿಸಿನ ಕಣ್ಣಿನಲ್ಲಿ ಆರೋಪಿ. ಸೈಬರ್ ಭದ್ರತಾ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸೆರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಅನಧಿಕೃತ ಪ್ರವೇಶ, ಗುರುತಿನ ಕಳವಿನಂಥ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಕಾಪಾಡಬೇಕು. ಸರ್ಕಾರಿ ಸಂಸ್ಥೆಗಳಿಗೂ ಖಾಸಗಿ ಕಂಪನಿಗಳಿಗೂ ಅದು ಅನ್ವಯಿಸುತ್ತದೆ. ಪೋರ್ಟಲ್‌ನ ಲಾಗ್ ಮೂವತ್ತು ದಿನ ಕಳೆದರೆ ತಾನಾಗಿಯೇ ಅಳಿಸಿಹೋಗುತ್ತದೆ ಎಂದು ಕಂಪನಿಯ ಪ್ರತಿನಿಧಿ ಸಮಿತಿಯ ಮುಂದೆಯೇ, ಯಾವ ಅಳುಕೂ ಇಲ್ಲದೆ, ಹೇಳಿದರು. ನಾನು ನೋಡಿದ ಆ ಸಾಲುಗಳು ಈಗ ಉಳಿದಿವೆಯೇ, ಮಾನ್ಯರೇ?

ಇನ್ನು ಸಾಕ್ಷ್ಯದ ವಿಚಾರ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯನ್ನು ನ್ಯಾಯಾಲಯದ ಮುಂದಿಡುವಾಗ ಅದರ ಹ್ಯಾಶ್ ಮೌಲ್ಯವನ್ನು (ದಾಖಲೆ ಒಂಚೂರು ಬದಲಾದರೂ ತಾನೂ ಬದಲಾಗುವ ಸಂಕೇತವನ್ನು) ನಮೂದಿಸಿದ ಪ್ರಮಾಣಪತ್ರ ಬೇಕು. ಸಾಧನದ ಉಸ್ತುವಾರಿಯ ಜೊತೆಗೆ ತಜ್ಞರ ಸಹಿಯೂ ಬೇಕು. ಇಲಾಖಾ ವಿಚಾರಣೆಗೆ ಸಾಕ್ಷ್ಯ ಕಾಯ್ದೆ ಅಕ್ಷರಶಃ ಅನ್ವಯಿಸುವುದಿಲ್ಲ ಎಂದು ವಕೀಲರು ಹೇಳುತ್ತಾರೆ, ಒಪ್ಪಿದೆ. ಹಾಗೆಂದು ಸ್ಕ್ರೀನ್‌ಶಾಟ್‌ನ ಮುದ್ರಿತ ಪ್ರತಿಗೆ ಹಳದಿ ಗೆರೆ ಎಳೆದು ಒಬ್ಬರ ಮುಂದೆ ತಳ್ಳಿದರೆ ಅದು ಪುರಾವೆಯಾಗುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆಗಳು ಹೀಗಿವೆ. ಎಲ್ಲಕ್ಕಿಂತ ಮೊದಲು ಆ ನೋಟಿಸನ್ನು ಹಿಂಪಡೆದು, ಉಪನ್ಯಾಸಕಿಯನ್ನು ಮೌಲ್ಯಮಾಪನ ಕಾರ್ಯಕ್ಕೆ ಮರಳಿ ಸೇರಿಸಿಕೊಳ್ಳಬೇಕು. ವಿಚಾರಣೆ ಮುಗಿಯಲಿ, ಆಮೇಲೆ ನೋಡೋಣ ಎನ್ನುವುದು ನ್ಯಾಯವಲ್ಲ. ಅವರ ವಿರುದ್ಧ ಇರುವ ಏಕೈಕ ದಾಖಲೆ ಖೊಟ್ಟಿ ಎಂಬುದಕ್ಕೆ ತಮ್ಮದೇ ಕೇಂದ್ರ ಸರ್ವರ್ ಸಾಕ್ಷಿ ನುಡಿದಿದೆ. ಎರಡೂ ಸರ್ವರ್‌ಗಳ ಲಾಗ್‌ಗಳನ್ನು, ಉಳಿದಿರುವ ಬ್ಯಾಕಪ್‌ಗಳ ಸಮೇತ, ಇಂದೇ ಮುದ್ರೆ ಹಾಕಿ ಭದ್ರಪಡಿಸಬೇಕು. ಅವುಗಳ ಪರಿಶೀಲನೆಯನ್ನು ತಂತ್ರಾಂಶ ಪೂರೈಸಿದ ಕಂಪನಿಗೆ ಒಪ್ಪಿಸಬಾರದು. ಸ್ವತಂತ್ರ ತಜ್ಞರಿಗಾಗಿ ದೂರ ಹೋಗಬೇಕಾಗಿಲ್ಲ. ಹಲವು ದೇಶಗಳ ರಾಷ್ಟ್ರೀಯ ಗುರುತಿನ ವ್ಯವಸ್ಥೆಗೆ ಆಧಾರವಾಗಿರುವ ಮೋಸಿಪ್ ತಂತ್ರಾಂಶ ಹುಟ್ಟಿದ್ದು ಇದೇ ಊರಿನ ಐಐಐಟಿಯಲ್ಲಿ. ರಾಜ್ಯ ಸರ್ಕಾರದ ಸೈಬರ್ ಭದ್ರತಾ ಉತ್ಕೃಷ್ಟತಾ ಕೇಂದ್ರ ಇರುವುದು ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ. ಇಂಥ ಊರಿನಲ್ಲಿ ಕೂತು, ತಾಂತ್ರಿಕ ವಿಷಯ ನಮಗೆ ತಿಳಿಯುವುದಿಲ್ಲ ಎಂದು ಕೈ ತೊಳೆದುಕೊಳ್ಳುವುದು ಶೋಭೆ ತರುವುದಿಲ್ಲ.

ಯಾರು ಈ ಕೆಲಸ ಮಾಡಿದರು ಎಂಬುದನ್ನು ಪತ್ತೆ ಹಚ್ಚುವುದು ಪೊಲೀಸರ ಕೆಲಸ. ಅಂಕ ಏರಿದ ಐವರು ವಿದ್ಯಾರ್ಥಿಗಳನ್ನು ಈಗಲೇ ಅಪರಾಧಿಗಳೆಂದು ನೋಡುವುದೂ ಬೇಡ. ಉಪನ್ಯಾಸಕಿಗೆ ಆದ ಅನ್ಯಾಯ ಅವರಿಗೂ ಆಗಬಾರದು. ಸೈಬರ್ ಅಪರಾಧಗಳನ್ನು ನೋಡುವ ಸೆನ್ ಪೊಲೀಸ್ ಠಾಣೆಗೆ ವಿಶ್ವವಿದ್ಯಾಲಯವೇ ದೂರು ಕೊಡಬೇಕು, ಸೆರ್ಟ್-ಇನ್‌ಗೆ ವರದಿ ಮಾಡಬೇಕು. ಹೆಸರು ಕೆಡುತ್ತದೆ ಎಂಬ ಅಂಜಿಕೆ ಬೇಡ, ದೊಡ್ಡ ದೊಡ್ಡ ಕಂಪನಿಗಳೇ ಒಪ್ಪಿಕೊಂಡು ಬರೆದ ದೋಷಗಳಿವು.

ಪೋರ್ಟಲ್‌ನ ಲೈಬ್ರರಿಯನ್ನು ಪರಿಷ್ಕರಿಸುವವರೆಗೆ ಅಂಕ ನಮೂದನ್ನು ಸ್ಥಗಿತಗೊಳಿಸಬೇಕು. ಸಹಿ ಬಿದ್ದ ಭಾಗದಿಂದ ಮಾತ್ರ ಹೆಸರು ಓದಬೇಕು, ಪೋರ್ಟಲ್ ತಾನು ಕೇಳದೆ ಬಂದ ಚೀಟಿಯನ್ನು ಒಪ್ಪಬಾರದು, ಒಮ್ಮೆ ಬಳಸಿದ ಚೀಟಿಯನ್ನು ಮತ್ತೆ ಸ್ವೀಕರಿಸಬಾರದು ಎಂಬ ಮೂರು ನಿಯಮಗಳನ್ನು ಪರೀಕ್ಷಿಸಿ ಲಿಖಿತವಾಗಿ ದೃಢಪಡಿಸಿಕೊಳ್ಳಬೇಕು. ಪೋರ್ಟಲ್ ಒಪ್ಪಿದ ಚೀಟಿಗಳ ಸಂಖ್ಯೆಗಳನ್ನೂ ಕೇಂದ್ರ ಸರ್ವರ್ ಕೊಟ್ಟ ಚೀಟಿಗಳ ಸಂಖ್ಯೆಗಳನ್ನೂ ಪ್ರತಿ ರಾತ್ರಿ ತಾಳೆ ನೋಡುವ ಸಣ್ಣ ಪ್ರೋಗ್ರಾಂ ಬರೆಯುವುದು ನಮ್ಮ ಬಿಸಿಎ ಅಂತಿಮ ವರ್ಷದ ವಿದ್ಯಾರ್ಥಿಗೂ ಸಾಧ್ಯ. ಅದೊಂದು ಇದ್ದಿದ್ದರೆ ಮರುದಿನ ಬೆಳಗ್ಗೆಯೇ ಗೊತ್ತಾಗುತ್ತಿತ್ತು. ಜೊತೆಗೆ, ಒಮ್ಮೆ ಸಲ್ಲಿಸಿದ ಅಂಕವನ್ನು ತಿದ್ದುವಾಗ ಹೊಸದಾಗಿ ಒಟಿಪಿ ಕೇಳುವಂತೆ ಮಾಡಬೇಕು, ಪೋರ್ಟಲ್ ತಾನೇ ಅದನ್ನು ಪರಿಶೀಲಿಸಬೇಕು. ತಿದ್ದಿದ ಕೂಡಲೇ ಉಪನ್ಯಾಸಕರ ಮೊಬೈಲ್‌ಗೂ ಪ್ರಾಂಶುಪಾಲರ ಮೊಬೈಲ್‌ಗೂ ಎಸ್‌ಎಂಎಸ್ ಹೋಗಬೇಕು.

ಮುಂದಿನ ಟೆಂಡರ್‌ನಲ್ಲಿ ಒಂದು ಷರತ್ತು ಸೇರಿಸಬೇಕು: ತಂತ್ರಾಂಶದಲ್ಲಿ ಬಳಸಿದ ಲೈಬ್ರರಿಗಳ ಪಟ್ಟಿಯನ್ನು ಕಂಪನಿ ಕೊಡಬೇಕು, ಅವುಗಳಲ್ಲಿ ಗಂಭೀರ ದೋಷ ಪ್ರಕಟವಾದರೆ ವಿಶ್ವವಿದ್ಯಾಲಯಕ್ಕೆ ತಿಳಿಸಿ ನಿಗದಿತ ದಿನಗಳೊಳಗೆ ಸರಿಪಡಿಸಬೇಕು, ತಪ್ಪಿದರೆ ದಂಡ ತೆರಬೇಕು. ವಾರ್ಷಿಕ ನಿರ್ವಹಣೆಯ ಹಣ ಪಡೆಯುವವರಿಂದ ಇಷ್ಟನ್ನು ನಿರೀಕ್ಷಿಸುವುದು ಹೆಚ್ಚಲ್ಲ.

ಬೆಂಗಳೂರಿನ ಇತರ ಕಾಲೇಜುಗಳಲ್ಲಿ ನನ್ನಂತೆಯೇ ಸರ್ವರ್ ಕೊಠಡಿಯಲ್ಲಿ ಕೆಲಸ ಮಾಡುವವರಿಗೂ ಒಂದು ಮಾತು. ನಿಮ್ಮಲ್ಲಿ ಯಾರಿಗಾದರೂ ಇಂಥ ನೋಟಿಸ್ ಬಂದಿದ್ದರೆ ಪೋರ್ಟಲ್‌ನ ಲಾಗ್ ಒಂದನ್ನೇ ನೋಡಿ ಸುಮ್ಮನಾಗಬೇಡಿ. ಚೀಟಿಯ ಸಂಖ್ಯೆ ಕೇಳಿ, ಕೇಂದ್ರ ಸರ್ವರ್‌ನಲ್ಲಿ ಅದನ್ನು ಹುಡುಕಿಸಿ, ಹುಡುಕಿದ್ದನ್ನು ನಡಾವಳಿಯಲ್ಲಿ ಬರೆಸಿ.

ಮಾನ್ಯರೇ, ಸಮ ಸೆಮಿಸ್ಟರ್‌ನ ಆಂತರಿಕ ಅಂಕಗಳ ನಮೂದು ಶೀಘ್ರದಲ್ಲೇ ಆರಂಭವಾಗಲಿದೆ, ಅದೇ ಪೋರ್ಟಲ್‌ನಲ್ಲಿ. ಅದಕ್ಕೆ ಮುನ್ನ ಈ ಪತ್ರಕ್ಕೆ ಲಿಖಿತ ಉತ್ತರವನ್ನೂ, ಪೋರ್ಟಲ್‌ನಲ್ಲಿ ಈಗ ಇರುವ ಸ್ಯಾಮಲ್ ಲೈಬ್ರರಿಯ ಆವೃತ್ತಿಯ ವಿವರವನ್ನೂ, ಆ ರಾತ್ರಿಯ ಎರಡೂ ಲಾಗ್‌ಗಳ ದೃಢೀಕೃತ ಪ್ರತಿಗಳನ್ನೂ ನನ್ನ ಸಹೋದ್ಯೋಗಿಗೆ ಒದಗಿಸಬೇಕೆಂದು ಕೋರುತ್ತೇನೆ. ಪ್ರತಿಗಳು ಸಿಗದಿದ್ದರೆ ಸಲ್ಲಿಸಲು ಮಾಹಿತಿ ಹಕ್ಕಿನ ಅರ್ಜಿಯನ್ನು ಸಿದ್ಧಪಡಿಸಿ ಇಟ್ಟುಕೊಂಡಿದ್ದೇವೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಸಂಯೋಜಿತ ಕಾಲೇಜೊಂದರ ಬೋಧಕೇತರ ನೌಕರ,
ಬೆಂಗಳೂರು